ಕ್ರೀಮ್ ಹಚ್ಚಿದರೂ ತುರಿಕೆ ಮರುಕಳಿಸುತ್ತಿದೆಯೇ? ಕಾರಣ ಪತ್ತೆಗೆ ಇದೆ ಪ್ಯಾಚ್ ಟೆಸ್ಟ್

ಬಿಂದಿ ಇಡುವ ಜಾಗದಲ್ಲೇ ತುರಿಕೆ, ಜೀನ್ಸ್ ಗುಂಡಿ ತಾಗುವಲ್ಲಿ ಕಪ್ಪು ಕಲೆ, ಹೇರ್ ಡೈ ಹಚ್ಚಿದ ಒಂದೆರಡು ದಿನಕ್ಕೆ ಕಿವಿಯ ಸುತ್ತ ಊತ. ಮೆಡಿಕಲ್ ಶಾಪ್‌ನಿಂದ ತಂದ ಕ್ರೀಮ್ ಹಚ್ಚಿದರೆ ಕಡಿಮೆ, ಬಿಟ್ಟರೆ ಮತ್ತೆ ಶುರು. ಇದಕ್ಕೆ ಕಾರಣ ಅಲರ್ಜಿಕ್ ಕಾಂಟ್ಯಾಕ್ಟ್ ಡರ್ಮಟೈಟಿಸ್ ಇರಬಹುದು. ಅಂದರೆ ಚರ್ಮಕ್ಕೆ ತಾಗಿದ ವಸ್ತುವಿನಿಂದ ಬರುವ ಅಲರ್ಜಿ. ಆ ವಸ್ತು ಯಾವುದು ಎಂದು ಪತ್ತೆ ಹಚ್ಚುವುದೇ ಪ್ಯಾಚ್ ಟೆಸ್ಟ್. 1895ರಲ್ಲಿ ಚರ್ಮರೋಗ ತಜ್ಞ ಜೋಸೆಫ್ ಯಾದಾಸ್ಸೋನ್ ಪಾದರಸದ ಅಲರ್ಜಿ ತೋರಿಸಲು ಬಳಸಿದ ವಿಧಾನದ ತತ್ವವೇ ಇಂದಿಗೂ ಉಳಿದಿದೆ.

ರಕ್ತ ಪರೀಕ್ಷೆ ಸಾಲದೇ?

ಸಾಲದು. ಧೂಳು, ಆಹಾರದ ಅಲರ್ಜಿಗೆ ಮಾಡುವ ಐಜಿಇ ರಕ್ತ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಇಲ್ಲಿ ಕೆಲಸ ಮಾಡುವುದು ಟಿ ಕೋಶಗಳು. ವಸ್ತು ತಾಗಿ ಒಂದೆರಡು ದಿನ ಕಳೆದ ಮೇಲೆ ಚರ್ಮ ಕೆಂಪಾಗುತ್ತದೆ. ಅಷ್ಟರಲ್ಲಿ ಮನೆಯವರೆಲ್ಲ ಸೇರಿ ನಿನ್ನೆ ತಿಂದ ಬದನೆಕಾಯಿಯನ್ನು ದೂರಿ ಆಗಿರುತ್ತದೆ! ಇನ್ನೊಂದು ತಪ್ಪು ಕಲ್ಪನೆ, 'ಹತ್ತು ವರ್ಷದಿಂದ ಇದೇ ಡೈ ಹಚ್ಚುತ್ತಿದ್ದೇನೆ, ಏನೂ ಆಗಿರಲಿಲ್ಲ' ಎನ್ನುವುದು. ವರ್ಷಗಳ ಬಳಕೆಯ ನಂತರವೂ ಅಲರ್ಜಿ ಹುಟ್ಟಬಹುದು.

ಹೇಗೆ ಮಾಡುತ್ತಾರೆ?

ಸೂಜಿ ಚುಚ್ಚುವುದಿಲ್ಲ. ನಿಗದಿತ ಪ್ರಮಾಣದಲ್ಲಿ ವ್ಯಾಸಲೀನ್‌ನಂಥ ಜೆಲ್ಲಿ ಅಥವಾ ನೀರಿನಲ್ಲಿ ಬೆರೆಸಿದ ಅಲರ್ಜಿಕಾರಕಗಳನ್ನು ಪುಟ್ಟ ಬಿಲ್ಲೆಗಳಲ್ಲಿ ತುಂಬಿ, ಬೆನ್ನಿನ ಮೇಲ್ಭಾಗಕ್ಕೆ ಟೇಪ್‌ನಿಂದ ಅಂಟಿಸುತ್ತಾರೆ. 48 ಗಂಟೆಗಳ ನಂತರ ತೆಗೆದು ನೋಡುತ್ತಾರೆ. 72 ಅಥವಾ 96 ಗಂಟೆಗೆ ಮತ್ತೊಮ್ಮೆ ನೋಡಬೇಕು. ರಜೆ ಸಿಗದೆ ಈ ಎರಡನೇ ಭೇಟಿ ತಪ್ಪಿಸಿದರೆ ಪರೀಕ್ಷೆಯೇ ಅರ್ಧವಾದಂತೆ, ಏಕೆಂದರೆ ಕೆಲವು ಅಲರ್ಜಿ ತಡವಾಗಿ ಕಾಣಿಸುತ್ತದೆ. ಮೊದಲ ದಿನ ಕೆಂಪಾಗಿ ಬಳಿಕ ಮಾಸಿದರೆ ಅದು ಬರೀ ಕಿರಿಕಿರಿ ಇರಬಹುದು.

ಭಾರತಕ್ಕೆಂದೇ ಸಿದ್ಧಪಡಿಸಿದ 'ಇಂಡಿಯನ್ ಸ್ಟ್ಯಾಂಡರ್ಡ್ ಸೀರೀಸ್' ಇದೆ. ಕೃತಕ ಆಭರಣದ ನಿಕಲ್, ಸಿಮೆಂಟ್ ಮತ್ತು ಚರ್ಮದ ಚಪ್ಪಲಿಯ ಕ್ರೋಮಿಯಂ, ಹೇರ್ ಡೈಯಲ್ಲಿರುವ ಪಿಪಿಡಿ, ಸುಗಂಧ ದ್ರವ್ಯ, ರಬ್ಬರ್ ರಾಸಾಯನಿಕ, ಮುಲಾಮುಗಳಲ್ಲಿರುವ ನಿಯೋಮೈಸಿನ್ ಇದರಲ್ಲಿವೆ. ಹೌದು, ಹಚ್ಚುವ ಮುಲಾಮೇ ಕಾರಣ ಆಗಿರಬಹುದು. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾದ, ನಮ್ಮವರು 'ಕಾಂಗ್ರೆಸ್ ಗಿಡ' ಎನ್ನುವ ಪಾರ್ಥೇನಿಯಂ ಕೂಡ ಪಟ್ಟಿಯಲ್ಲಿದೆ.

ಹೋಗುವ ಮುನ್ನ ಗಮನಿಸಿ

ಪಟ್ಟಿ ಇರುವಷ್ಟು ಹೊತ್ತು ಬೆನ್ನು ಒದ್ದೆಯಾಗಬಾರದು. ಮುಂಬೈ, ಚೆನ್ನೈನ ಸೆಕೆಯಲ್ಲಿ ಬೆವರಿಗೆ ಟೇಪ್ ಬಿಚ್ಚಿಕೊಳ್ಳುವುದರಿಂದ ತಂಪು ದಿನಗಳು ಒಳ್ಳೆಯದು. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ಫಲಿತಾಂಶ ಅಡಗಿಹೋಗಬಹುದು; ಆದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಬಳಸುವ ಕ್ರೀಮ್, ಕುಂಕುಮ, ಬಿಂದಿ ಪ್ಯಾಕೆಟ್ ಜೊತೆಗೆ ಒಯ್ಯಿರಿ. ಮನೆಯಲ್ಲೇ ಡಿಟರ್ಜೆಂಟ್ ಅಂಟಿಸಿ ನೋಡುವ ಸಾಹಸ ಬೇಡ, ಚರ್ಮ ಸುಡುತ್ತದೆ.

ಪಾಸಿಟಿವ್ ಬಂದರೆ?

ಪಾಸಿಟಿವ್ ಬಂದ ವಸ್ತುವೇ ಈಗಿನ ತೊಂದರೆಗೆ ಕಾರಣ ಎಂದಲ್ಲ. ನಿಕಲ್ ಅಲರ್ಜಿ ಇದ್ದವರ ಪಾದದ ಗಾಯಕ್ಕೆ ಚಪ್ಪಲಿಯ ರಬ್ಬರ್ ಕಾರಣವಾಗಿರಬಹುದು. ದಿನಚರಿ, ಉದ್ಯೋಗ ಎಲ್ಲವನ್ನೂ ಕೇಳಿಯೇ ವೈದ್ಯರು ತೀರ್ಮಾನಿಸುತ್ತಾರೆ. ಪಿಪಿಡಿಗೆ ಪಾಸಿಟಿವ್ ಬಂದವರು 'ಹರ್ಬಲ್' ಹಣೆಪಟ್ಟಿ ನಂಬದೆ ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರಗಳನ್ನು ಓದಬೇಕು. ಮದುವೆ ಮನೆಯ ಕಪ್ಪು ಮೆಹಂದಿಯಲ್ಲೂ ಇದೇ ರಾಸಾಯನಿಕ ಬೆರೆತಿರುವುದುಂಟು.