ಅಗೆದ ಮೇಲೂ ಉಸಿರಾಡುವ ಗಡ್ಡೆಗಳು
ದಾಸ್ತಾನು ಮತ್ತು ಪೋಷಕಾಂಶ: ಒಂದು ಅಧ್ಯಯನ ಕ್ಷೇತ್ರ ನಡೆದು ಬಂದ ದಾರಿ

ಹೊಲದಿಂದ ಅಗೆದು ಮೂಟೆ ಕಟ್ಟಿದ ಆಲೂಗಡ್ಡೆಗೆ ಇನ್ನೂ ಜೀವವಿರುತ್ತದೆ. ಅದರ ಕೋಶಗಳು ಆಮ್ಲಜನಕ ಎಳೆದುಕೊಂಡು, ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಒಡೆದು, ಆ ಸಕ್ಕರೆಯನ್ನೇ ಖರ್ಚು ಮಾಡುತ್ತ ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಶಾಖವನ್ನು ಹೊರಬಿಡುತ್ತಲೇ ಇರುತ್ತವೆ. ಗಜ್ಜರಿ, ಬೀಟ್‌ರೂಟ್, ಸಿಹಿಗೆಣಸು, ಮರಗೆಣಸುಗಳಿಗೂ ಈ ಮಾತು ಸಲ್ಲುತ್ತದೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವುಗಳಲ್ಲಿ ಕೆಲವು ಬೇರು, ಕೆಲವು ಕಾಂಡ. ಅಡುಗೆಮನೆಗೂ ಗೋದಾಮಿಗೂ ಎಲ್ಲವೂ ಗಡ್ಡೆ-ಗೆಣಸೇ.

ಇವುಗಳ ದಾಸ್ತಾನಿನ ಬಗ್ಗೆ ಮನುಷ್ಯ ಮೂರು ಪ್ರಶ್ನೆಗಳನ್ನು ಒಂದಾದ ಮೇಲೊಂದರಂತೆ ಕೇಳಿಕೊಂಡಿದ್ದಾನೆ. ಕೊಳೆಯದೆ ಎಷ್ಟು ದಿನ ಇರುತ್ತದೆ? ಉಳಿದ ಗಡ್ಡೆಯಲ್ಲಿ ಪೋಷಕಾಂಶ ಎಷ್ಟು ಉಳಿದಿದೆ? ಇಟ್ಟ ಅವಧಿಯಲ್ಲಿ ಅದರೊಳಗೆ ಹೊಸದಾಗಿ ಏನು ಹುಟ್ಟಿಕೊಂಡಿದೆ? ಈ ಕ್ಷೇತ್ರದ ಚರಿತ್ರೆಯೆಂದರೆ ಈ ಪ್ರಶ್ನೆಗಳ ಚರಿತ್ರೆ.

ಕೊಳೆಯದಂತೆ ಕಾಯುವ ವಿದ್ಯೆ

ಮೊದಲ ಪ್ರಶ್ನೆಗೆ ಉತ್ತರ ಹುಡುಕಿದವರು ರೈತರು. ಆಂಡಿಸ್ ಪರ್ವತದ ಜನ ರಾತ್ರಿಯ ಹಿಮದಲ್ಲಿ ಆಲೂಗಡ್ಡೆಯನ್ನು ಹೆಪ್ಪುಗಟ್ಟಿಸಿ, ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಲ್ಲಿ ಒಣಗಿಸಿ ‘ಚುನ್ಯೊ’ ಮಾಡಿದರು. ಅದು ವರ್ಷಗಟ್ಟಲೆ ಕೆಡುವುದಿಲ್ಲ. ಪಿಷ್ಟ ಉಳಿಯುತ್ತದೆ, ವಿಟಮಿನ್ ಸಿ ಬಹುಪಾಲು ಹೋಗಿಬಿಡುತ್ತದೆ. ಯುರೋಪಿನ ರೈತರು ಗಡ್ಡೆಗಳನ್ನು ರಾಶಿ ಹಾಕಿ ಹುಲ್ಲು, ಮಣ್ಣು ಹೊದಿಸಿ ಚಳಿಗಾಲ ದಾಟಿಸಿದರು. ಉತ್ತರ ಭಾರತದ ಬಯಲಲ್ಲಿ ಮರದ ನೆರಳಿನ ರಾಶಿ, ಕುಳಿಗಳು ಬಳಕೆಯಲ್ಲಿದ್ದವು. ಮರಗೆಣಸು ಬೆಳೆಯುವವರು ಅದನ್ನು ಬೇಕಾದಾಗ ಮಾತ್ರ ಅಗೆಯುತ್ತಿದ್ದರು. ಅವರಿಗೆ ಹೊಲವೇ ಉಗ್ರಾಣ.

ಈ ಅನುಭವಕ್ಕೆ ವಿಜ್ಞಾನದ ಭಾಷೆ ದೊರೆತದ್ದು 19ನೇ ಶತಮಾನದ ಕೊನೆಗೆ. 1882ರಲ್ಲಿ ಸ್ವಿಸ್ ಸಸ್ಯವಿಜ್ಞಾನಿ ಹರ್ಮನ್ ಮ್ಯುಲರ್-ತುರ್ಗಾವ್ ಆಲೂಗಡ್ಡೆ ಚಳಿಯಲ್ಲಿ ಏಕೆ ಸಿಹಿಯಾಗುತ್ತದೆ ಎಂಬುದನ್ನು ಪರೀಕ್ಷಿಸಿದರು. ಗಡ್ಡೆ ಹೆಪ್ಪುಗಟ್ಟಬೇಕಾಗಿಲ್ಲ, ಸೊನ್ನೆ ಡಿಗ್ರಿಗಿಂತ ತುಸು ಮೇಲಿನ ತಂಪಿನಲ್ಲೇ ಸಕ್ಕರೆ ನಿಧಾನವಾಗಿ ಶೇಖರವಾಗುತ್ತದೆ ಎಂದು ತೋರಿಸಿದರು. ದಾಸ್ತಾನಿನ ಉಷ್ಣಾಂಶ ಗಡ್ಡೆಯ ಒಳಸತ್ವವನ್ನೇ ಬದಲಿಸುತ್ತದೆ ಎಂಬ ಈ ತಿಳಿವಿನ ಪೂರ್ಣ ಮಹತ್ವ ತಿಳಿಯಲು ಇನ್ನೂ 120 ವರ್ಷ ಹಿಡಿಯಿತು.

ವಿಟಮಿನ್ ಅಳೆಯಲು ಬಂದ ಮೇಲೆ

ಎರಡನೆಯ ಪ್ರಶ್ನೆ ಹಸಿವು ಮತ್ತು ರೋಗದಿಂದ ಹುಟ್ಟಿತು. ಉತ್ತರ ಯುರೋಪಿನ ಬಡವರನ್ನು ಚಳಿಗಾಲದಲ್ಲಿ ಸ್ಕರ್ವಿಯಿಂದ, ಅಂದರೆ ವಿಟಮಿನ್ ಸಿ ಕೊರತೆಯ ರೋಗದಿಂದ, ಕಾಪಾಡುತ್ತಿದ್ದುದು ಆಲೂಗಡ್ಡೆ. 1845ರಿಂದ ಐರ್ಲೆಂಡಿನಲ್ಲಿ ಆಲೂ ಬೆಳೆ ಅಂಗಮಾರಿಗೆ ತುತ್ತಾದಾಗ ಬರಗಾಲದ ಜೊತೆಗೆ ಸ್ಕರ್ವಿಯೂ ಕಾಣಿಸಿಕೊಂಡಿತು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಗಿನಿ ಪಿಗ್‌ಗಳಲ್ಲಿ ಈ ರೋಗವನ್ನು ಉಂಟುಮಾಡಿ ತೋರಿಸಿದರು. 1928ರಲ್ಲಿ ಸೆಂಟ್-ಜ್ಯೋರ್ಜಿ ಬೇರ್ಪಡಿಸಿದ ವಸ್ತುವೇ ವಿಟಮಿನ್ ಸಿ ಎಂಬುದು 1932ರ ವೇಳೆಗೆ ಖಚಿತವಾಯಿತು. ಅಲ್ಲಿಂದ ಮುಂದೆ ಗಡ್ಡೆಯೊಳಗಿನ ವಿಟಮಿನ್ನನ್ನು ಪ್ರಯೋಗಾಲಯದಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಅಳೆಯಲು ಸಾಧ್ಯವಾಯಿತು.

ಆ ಅಳತೆಗಳಿಂದ ಗೊತ್ತಾದ ಸತ್ಯ ಗಂಭೀರವಾದದ್ದು. 1940ರಲ್ಲಿ ಮೊದಲು ಪ್ರಕಟವಾದ ಮ್ಯಾಕ್‌ಕ್ಯಾನ್ಸ್ ಮತ್ತು ವಿಡೋಸನ್ ಅವರ ಬ್ರಿಟಿಷ್ ಆಹಾರ ಕೋಷ್ಟಕದ ನಂತರದ ಆವೃತ್ತಿಗಳು ಆಲೂಗಡ್ಡೆಯ ವಿಟಮಿನ್ ಸಿ ಪ್ರಮಾಣವನ್ನು ದಾಸ್ತಾನಿನ ತಿಂಗಳುಗಳ ಪ್ರಕಾರ ವಿಂಗಡಿಸಿ ಕೊಟ್ಟವು. ಆಗತಾನೇ ಅಗೆದ 100 ಗ್ರಾಂ ಗಡ್ಡೆಯಲ್ಲಿ ಸುಮಾರು 30 ಮಿಲಿಗ್ರಾಂ. ಒಂದರಿಂದ ಮೂರು ತಿಂಗಳಲ್ಲಿ 20. ನಾಲ್ಕೈದು ತಿಂಗಳಿಗೆ 15. ಎಂಟೊಂಬತ್ತು ತಿಂಗಳಿಗೆ ಬರೀ 8. ನೋಡಲು ಗಟ್ಟಿಯಾಗಿ, ಚೆನ್ನಾಗಿಯೇ ಇರುವ ಗಡ್ಡೆಯಲ್ಲಿ ಮುಕ್ಕಾಲು ಪಾಲು ವಿಟಮಿನ್ ಸಿ ಇರುವುದಿಲ್ಲ.

ಎಲ್ಲ ಪೋಷಕಾಂಶಗಳೂ ಹೀಗೆ ಸೋರುವುದಿಲ್ಲ ಎಂಬುದು ಅದೇ ಕಾಲದ ಇನ್ನೊಂದು ಪಾಠ. ಗಜ್ಜರಿಯ ಬಣ್ಣದ ವಸ್ತುವಾದ ಕ್ಯಾರೊಟೀನನ್ನು ವಾಕೆನ್‌ರೋಡರ್ 1831ರಲ್ಲೇ ಬೇರ್ಪಡಿಸಿದ್ದರು. ದೇಹ ಅದನ್ನು ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ ಎಂದು 1930ರಲ್ಲಿ ಥಾಮಸ್ ಮೂರ್ ತೋರಿಸಿದರು. ನೀರಿನಲ್ಲಿ ಕರಗದ ಈ ಕ್ಯಾರೊಟೀನ್, ಇಡೀ ಗಜ್ಜರಿಯನ್ನು ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ, ಶೇ. 95ಕ್ಕಿಂತ ಹೆಚ್ಚಿನ ತೇವಾಂಶದಲ್ಲಿ ಇಟ್ಟರೆ ತಿಂಗಳುಗಟ್ಟಲೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಪೊಟ್ಯಾಶಿಯಂ, ಕಬ್ಬಿಣದಂಥ ಖನಿಜಗಳೂ ಎಲ್ಲಿಗೂ ಹೋಗುವುದಿಲ್ಲ. ಗಡ್ಡೆ ಬಾಡಿ ನೀರು ಕಳೆದುಕೊಂಡಾಗ 100 ಗ್ರಾಂ ಲೆಕ್ಕದಲ್ಲಿ ಅವು ಹೆಚ್ಚಾದಂತೆಯೂ ಕಾಣುತ್ತವೆ. ಅದಕ್ಕಾಗಿಯೇ ಎಚ್ಚರದ ಸಂಶೋಧಕರು ತಮ್ಮ ಲೆಕ್ಕವನ್ನು ಒಣತೂಕದ ಆಧಾರದ ಮೇಲೂ ಕೊಡುತ್ತಾರೆ.

ಭಾರತದಲ್ಲಿ ಈ ಕೆಲಸದ ಬೇರು ನೀಲಗಿರಿಯ ಕೂನೂರಿನಲ್ಲಿದೆ. ರಾಬರ್ಟ್ ಮ್ಯಾಕರಿಸನ್ ಅಲ್ಲಿ ಕಟ್ಟಿದ ಪೋಷಣಾ ಪ್ರಯೋಗಾಲಯದಿಂದ 1937ರಲ್ಲಿ ಆಯ್‌ಕ್ರಾಯ್ಡ್ ಅವರ ಆಹಾರ ಕೋಷ್ಟಕ ಹೊರಬಂತು. 1958ರಲ್ಲಿ ಪ್ರಯೋಗಾಲಯ ಹೈದರಾಬಾದಿಗೆ ಹೋಗಿ ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ), ಕೊಯ್ಲಿನ ನಂತರದ ಸಂಸ್ಕರಣೆ ಮತ್ತು ಸಂರಕ್ಷಣೆಯನ್ನು ದೇಶದ ವಿಜ್ಞಾನದ ಮುಖ್ಯ ವಿಷಯವಾಗಿಸಿತು.

ತಂಪು ತಂದ ತೊಡಕು

20ನೇ ಶತಮಾನದ ಉತ್ತರಾರ್ಧ ಶೀತಲಗೃಹಗಳ ಕಾಲ. ಉತ್ತರ ಭಾರತದ ಬಯಲಲ್ಲಿ ಫೆಬ್ರುವರಿ-ಮಾರ್ಚಿನಲ್ಲಿ ಅಗೆದ ಆಲೂಗಡ್ಡೆಯನ್ನು 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ಅಕ್ಟೋಬರ್-ನವೆಂಬರ್‌ವರೆಗೂ ಮೊಳಕೆ ಬರುವುದಿಲ್ಲ. ಬಿತ್ತನೆಗಡ್ಡೆಗೆ ಇದು ಒಳ್ಳೆಯದೇ. ಹಾಸನದ ಮುಂಗಾರು ಆಲೂಗಡ್ಡೆಗೆ ಪಂಜಾಬಿನಿಂದ ಬರುವ ಬಿತ್ತನೆ ನಿಂತಿರುವುದೂ ಇದೇ ತಂಪಿನ ಮೇಲೆ. ತಿನ್ನುವ ಗಡ್ಡೆಯಲ್ಲಿ ಮಾತ್ರ 1882ರ ಸಮಸ್ಯೆ ಮತ್ತೆ ಎದುರಾಯಿತು. ಪಿಷ್ಟ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಹೆಚ್ಚುತ್ತವೆ. ಅಂಥ ಗಡ್ಡೆಯ ಚಿಪ್ಸ್ ಎಣ್ಣೆಗೆ ಬಿದ್ದೊಡನೆ ಕಂದಾಗಿ ಕಹಿಯಾಗುತ್ತದೆ.

ಪರಿಹಾರವಾಗಿ 10-12 ಡಿಗ್ರಿಯಲ್ಲಿಟ್ಟು, ಮೊಳಕೆ ತಡೆಯಲು ಕ್ಲೋರ್‌ಪ್ರೊಫಾಮ್ ಸಿಂಪಡಿಸುವ ಪದ್ಧತಿ ಬಂತು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1998ರಲ್ಲಿ ಕುಫ್ರಿ ಚಿಪ್ಸೋನಾ-1 ಮತ್ತು 2 ಎಂಬ, ಸಕ್ಕರೆ ಕಡಿಮೆ ಇರುವ ತಳಿಗಳನ್ನು ಬಿಡುಗಡೆ ಮಾಡಿತು.

ಆವರೆಗೆ ಬಣ್ಣ, ರುಚಿಯ ಪ್ರಶ್ನೆಯಾಗಿದ್ದದ್ದು 2002ರಲ್ಲಿ ಆರೋಗ್ಯದ ಪ್ರಶ್ನೆಯಾಯಿತು. ಹೆಚ್ಚು ಉಷ್ಣದಲ್ಲಿ ಕರಿದ, ಹುರಿದ ಪಿಷ್ಟಯುಕ್ತ ಆಹಾರದಲ್ಲಿ, ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಅಕ್ರಿಲಮೈಡ್ ಇದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಗಡ್ಡೆಯ ಆಸ್ಪರಜೀನ್ ಎಂಬ ಅಮೈನೋ ಆಮ್ಲ ಈ ಸಕ್ಕರೆಗಳ ಜೊತೆ ಬಿಸಿಯಲ್ಲಿ ಸೇರಿದಾಗ ಅದು ಹುಟ್ಟುತ್ತದೆ ಎಂಬುದು ಅದೇ ವರ್ಷ ಸ್ಪಷ್ಟವಾಯಿತು. ಮೂರನೆಯ ಪ್ರಶ್ನೆ ಹೀಗೆ ಮುಂಚೂಣಿಗೆ ಬಂತು. ಬೆಳಕಿಗೆ ಬಿದ್ದ ಆಲೂಗಡ್ಡೆ ಹಸಿರಾಗುತ್ತ ಸೊಲನೀನ್‌ನಂಥ ವಿಷಕಾರಿ ವಸ್ತುಗಳನ್ನು ಹೆಚ್ಚಿಸಿಕೊಳ್ಳುವುದು, ಸೇಬಿನ ಜೊತೆಗಿಟ್ಟ ಗಜ್ಜರಿ ಎಥಿಲೀನ್ ಅನಿಲದಿಂದ ಕಹಿಯಾಗುವುದು ಮೊದಲೇ ತಿಳಿದಿದ್ದವು. ಅವೂ ಈ ಪ್ರಶ್ನೆಯ ಭಾಗಗಳೇ. 2010ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕರು ತಂಪಿನಲ್ಲಿ ಸಕ್ಕರೆ ಹೆಚ್ಚಿಸುವ ಇನ್ವರ್ಟೇಸ್ ಕಿಣ್ವದ ಜೀನನ್ನು ತಗ್ಗಿಸಿ, ತಣ್ಣಗಿಟ್ಟ ಗಡ್ಡೆಯಿಂದಲೂ ಅಕ್ರಿಲಮೈಡ್ ಕಡಿಮೆಯಿರುವ ಚಿಪ್ಸ್ ಮಾಡಿ ತೋರಿಸಿದರು. ಇತ್ತ ಯುರೋಪಿಯನ್ ಒಕ್ಕೂಟ ಕ್ಲೋರ್‌ಪ್ರೊಫಾಮ್ ಪರವಾನಗಿಯನ್ನು 2019ರಲ್ಲಿ ನವೀಕರಿಸಲಿಲ್ಲ. ಪುದೀನ ಜಾತಿಯ ಎಣ್ಣೆ, ಎಥಿಲೀನ್‌ಗಳು ಅಲ್ಲಿ ಅದರ ಜಾಗಕ್ಕೆ ಬಂದಿವೆ.

ಉಷ್ಣವಲಯದ ಗಡ್ಡೆಗಳು

ಆಲೂಗಡ್ಡೆಗೆ ಕಲಿತದ್ದನ್ನು ಗೆಣಸಿಗೆ ಅನ್ವಯಿಸಲಾಗದು. ಸಿಹಿಗೆಣಸನ್ನು 12 ಡಿಗ್ರಿಗಿಂತ ಕೆಳಗೆ ಇಟ್ಟರೆ ಚಳಿ ತಗಲಿ, ಬೇಯಿಸಿದರೂ ತಿರುಳು ಗಟ್ಟಿಯಾಗೇ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ಮೊದಲ ಕೆಲವು ದಿನ ಸುಮಾರು 30 ಡಿಗ್ರಿ ಬಿಸಿ ಮತ್ತು ತೇವದಲ್ಲಿ ಗಾಯ ಮಾಯುವ ಅವಕಾಶ, ಆಮೇಲೆ 13-15 ಡಿಗ್ರಿ. ಮರಗೆಣಸಿನ ಕಷ್ಟ ಇನ್ನೂ ಹೆಚ್ಚು: ಅಗೆದ ಎರಡು ಮೂರು ದಿನಗಳಲ್ಲೇ ತಿರುಳಿನೊಳಗೆ ನೀಲಿ-ಕಪ್ಪು ಗೆರೆಗಳು ಮೂಡುತ್ತವೆ. ಇದು ಶಿಲೀಂಧ್ರದ ಕೆಲಸವಲ್ಲ, ಗಾಯಗೊಂಡ ಕೋಶಗಳದೇ ಉತ್ಕರ್ಷಣ ಕ್ರಿಯೆ. ಕ್ಯಾರೊಟೀನ್ ಹೆಚ್ಚಿರುವ ಹಳದಿ ಮರಗೆಣಸು ತಡವಾಗಿ ಕೆಡುತ್ತದೆ ಎಂದು ಕೊಲಂಬಿಯಾದ ಸಿಯಾಟ್ ಕೇಂದ್ರ ಕಂಡುಕೊಂಡಿತು. ತಿನ್ನುವವರಿಗೆ ಪೋಷಣೆ ಕೊಡುವ ವಸ್ತುವೇ ಗಡ್ಡೆಯ ಬಾಳಿಕೆಯನ್ನೂ ಹೆಚ್ಚಿಸಿತು.

ಕಿತ್ತಳೆ ತಿರುಳಿನ ಸಿಹಿಗೆಣಸು ಆಫ್ರಿಕಾದ ಮಕ್ಕಳ ವಿಟಮಿನ್ ಎ ಕೊರತೆ ನೀಗಿಸುವ ಬೆಳೆಯೆಂದು ಹೆಸರಾಯಿತು. 2016ರ ವಿಶ್ವ ಆಹಾರ ಪ್ರಶಸ್ತಿ ಅದರ ಹಿಂದಿನ ವಿಜ್ಞಾನಿಗಳಿಗೂ ಸಂದಿತು. ಅದೇ ಗೆಣಸನ್ನು ಹೋಳು ಮಾಡಿ ಒಣಗಿಸಿ ಮನೆಯ ಉಷ್ಣಾಂಶದಲ್ಲಿ ನಾಲ್ಕು ತಿಂಗಳು ಇಟ್ಟರೆ ಸುಮಾರು ಶೇ. 70ರಷ್ಟು ಕ್ಯಾರೊಟೀನ್ ಹೋಗುತ್ತದೆ ಎಂದು ಉಗಾಂಡಾದ ಅಧ್ಯಯನ ತೋರಿಸಿತು. ಇಡೀ ಗಡ್ಡೆಯಲ್ಲಿ ಭದ್ರವಾಗಿದ್ದ ಕ್ಯಾರೊಟೀನ್, ಹೋಳಾಗಿ ಗಾಳಿಗೆ ತೆರೆದುಕೊಂಡಾಗ ನಿಲ್ಲಲಿಲ್ಲ. ತಳಿ ಸುಧಾರಣೆಯ ವರ್ಷಗಳ ಫಲವನ್ನು ಕೆಲವು ತಿಂಗಳ ಅಜಾಗರೂಕ ದಾಸ್ತಾನು ಕಳೆದುಬಿಡಬಲ್ಲದು. ತಿರುವನಂತಪುರದ ಕೇಂದ್ರೀಯ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ‘ಭೂ ಸೋನಾ’ದಂಥ ಕ್ಯಾರೊಟೀನ್‌ಭರಿತ ತಳಿಗಳನ್ನು ಊರೂರಿಗೆ ತಲುಪಿಸುವವರು ಈ ಪಾಠವನ್ನು ಜೊತೆಗೇ ಒಯ್ಯಬೇಕು.

ಮುಂದಿನ ಲೆಕ್ಕ

ಇಷ್ಟು ದೂರ ಬಂದ ಮೇಲೂ ನಮ್ಮ ಕೊಯ್ಲೋತ್ತರ ನಷ್ಟದ ಚರ್ಚೆ ಟನ್ನುಗಳ ಲೆಕ್ಕದಲ್ಲೇ ನಡೆಯುತ್ತದೆ. ಕೊಳೆತು ಎಸೆದದ್ದು ನಷ್ಟ. ಕೊಳೆಯದೆ ವಿಟಮಿನ್ ಕಳೆದುಕೊಂಡದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಶಾಲೆಯ ಬಿಸಿಯೂಟದಲ್ಲಿ, ಅಂಗನವಾಡಿಯಲ್ಲಿ ಮಕ್ಕಳ ಪೋಷಣೆಯನ್ನು ಅಂದಾಜಿಸುವಾಗ ಗಡ್ಡೆಗೆ ಒಂದೇ ಸಂಖ್ಯೆ ಹಿಡಿಯುವ ಬದಲು, ಬ್ರಿಟಿಷ್ ಕೋಷ್ಟಕದಂತೆ ದಾಸ್ತಾನಿನ ತಿಂಗಳುಗಳನ್ನೂ ಪರಿಗಣಿಸಬೇಕು. ಜೋಯಿಡಾದ ಕುಣಬಿ ಜನ ಉಳಿಸಿಕೊಂಡು ಬಂದಿರುವ ಗಡ್ಡೆ ವೈವಿಧ್ಯಕ್ಕೂ ಇಂಥದೇ ಗಮನ ಸಲ್ಲಬೇಕು: ತಾಜಾ ಗಡ್ಡೆಯ ಗುಣದ ಜೊತೆಗೆ ಇಟ್ಟ ಗಡ್ಡೆಯ ಗುಣವನ್ನೂ ಅಳೆಯಬೇಕು.

ಮನೆಗೆ ಬೇಕಾದ ವಿವೇಕ ಈ ಅಧ್ಯಯನಗಳಲ್ಲೇ ಇದೆ. ಆಲೂಗಡ್ಡೆಯನ್ನು ಕತ್ತಲೆಯಲ್ಲಿ, ಗಾಳಿಯಾಡುವ ಕಡೆ, ಫ್ರಿಜ್ಜಿನ ಹೊರಗೆ ಇಡಿ. ಗಜ್ಜರಿ, ಬೀಟ್‌ರೂಟ್‌ಗಳ ಸೊಪ್ಪು ಕತ್ತರಿಸಿ, ತೇವ ಆರದಂತೆ ಫ್ರಿಜ್ಜಿನೊಳಗೆ, ಸೇಬಿನಿಂದ ದೂರ ಇಡಿ. ಗೆಣಸು ಹೊರಗೇ ಇರಲಿ. ತಿಂಗಳುಗಟ್ಟಲೆ ಶೀತಲಗೃಹದಲ್ಲಿದ್ದು ಬಂದ ಆಲೂಗಡ್ಡೆ ಹೊಟ್ಟೆ ತುಂಬಿಸುತ್ತದೆ, ಪೊಟ್ಯಾಶಿಯಂ ಕೊಡುತ್ತದೆ. ಆ ದಿನಗಳ ವಿಟಮಿನ್ ಸಿಗೆ ನೆಲ್ಲಿ, ಸೀಬೆ, ಹಸಿ ಸೊಪ್ಪನ್ನು ನೆಚ್ಚಿಕೊಳ್ಳುವುದೇ ಸರಿ. ಬೆಳೆಯುವುದಕ್ಕೆ ಕೊಟ್ಟಷ್ಟೇ ವಿಜ್ಞಾನವನ್ನು ಕಾಪಿಡುವುದಕ್ಕೂ ಕೊಟ್ಟಾಗ ಮಾತ್ರ ರೈತ ನೆಲದಿಂದ ಎತ್ತಿದ ಪೋಷಣೆ ತಟ್ಟೆಯವರೆಗೆ ತಲುಪುತ್ತದೆ.