ಕ್ರೀಡಾಪಟುಗಳ ಗಾಯದ ವಾರ್ತೆ: ಅದರ ಪ್ರಕಟನೆಯ ಇತಿಹಾಸ

ದೂರದಲ್ಲಿ ಬಿದ್ದ ವೀರನ ಸಮಾಚಾರವನ್ನು ಅವನ ಕಡೆಯವರಿಗೆ ಮುಟ್ಟಿಸುವ ಕಾರ್ಯವು ಬಹು ಪುರಾತನವಾದುದು. ಭೀಷ್ಮನು ಬಿದ್ದನೆಂಬ ವಾರ್ತೆಯನ್ನು ಧೃತರಾಷ್ಟ್ರನಿಗೆ ತಂದವನು ಸಂಜಯ. ಅಲ್ಲಿ ಪ್ರಮಾಣವಾದುದು ಬಿದ್ದವನ ಮಾತಲ್ಲ, ಕಂಡವನ ಮಾತು. ಕ್ರೀಡೆಯ ಕ್ಷೇತ್ರದಲ್ಲಿಯೂ ಬಹುಕಾಲ ಇದೇ ಕ್ರಮವು ನಡೆದುಬಂದಿತು. ಆಟಗಾರನ ಗಾಯವನ್ನು ಕುರಿತು ವೈದ್ಯರೋ ತಂಡದ ಅಧಿಕಾರಿಗಳೋ ಪತ್ರಿಕೆಯವರೋ ಹೇಳುತ್ತಿದ್ದರು. ವ್ಯಾಕರಣದ ಪರಿಭಾಷೆಯಲ್ಲಿ ಆ ವಾರ್ತೆಯೆಲ್ಲವೂ ಪ್ರಥಮಪುರುಷದಲ್ಲಿ, ಎಂದರೆ ‘ಅವನು’ ಎಂಬ ರೂಪದಲ್ಲಿ ಇರುತ್ತಿತ್ತು. ಈಗ ಅದು ಉತ್ತಮಪುರುಷದಲ್ಲಿ, ‘ನಾನು’ ಎಂಬ ರೂಪದಲ್ಲಿ, ಆಟಗಾರನ ಹೆಸರಿನಿಂದಲೇ ಹೊರಡುವುದುಂಟು. ಈ ಪಲ್ಲಟವು ಹೇಗೆ ಒದಗಿತು, ಇದರಿಂದ ವಾರ್ತೆಯ ಪ್ರಾಮಾಣ್ಯವು ಹೆಚ್ಚಿತೇ ಎಂಬುದು ಪ್ರಕೃತ ವಿಚಾರ.

ಅಧಿಕೃತ ಪ್ರಕಟನೆಯು ಕೇವಲ ಅನುಕಂಪದಿಂದ ಹುಟ್ಟಿದುದಲ್ಲ. ಅಮೆರಿಕದ ಫುಟ್‌ಬಾಲ್ ಲೀಗಿನಲ್ಲಿ ೧೯೪೬ನೆಯ ಇಸವಿಯ ಅಂತಿಮ ಪಂದ್ಯಕ್ಕೆ ಮುಂಚೆ ಜೂಜುಗಾರನೊಬ್ಬನು ಆಟಗಾರರಿಗೆ ಲಂಚವೀಯಲು ಯತ್ನಿಸಿದುದು ಬಯಲಾಯಿತು. ಮರುವರ್ಷ ಲೀಗಿನ ಮುಖ್ಯಾಧಿಕಾರಿಯಾಗಿದ್ದ ಬರ್ಟ್ ಬೆಲ್, ಗಾಯಗೊಂಡವರ ಪಟ್ಟಿಯನ್ನು ತಂಡಗಳು ಬಹಿರಂಗಪಡಿಸಬೇಕೆಂದು ವಿಧಿಸಿದರು. ಬಚ್ಚಿಟ್ಟ ಗಾಯವು ಜೂಜಿನವರ ಕೈಯಲ್ಲಿ ಮಾರಾಟದ ಸರಕಾಗುವುದೆಂಬುದೇ ಇದರ ತಾತ್ಪರ್ಯ. ಎಲ್ಲರಿಗೂ ಒಂದೇ ಕಾಲದಲ್ಲಿ ತಿಳಿದ ಸತ್ಯದಿಂದ ಯಾರೊಬ್ಬರೂ ಕಳ್ಳಲಾಭವನ್ನು ಪಡೆಯಲಾರರು.

ಭಾರತದ ಕ್ರಿಕೆಟ್ಟಿನಲ್ಲಿ ಪ್ರಥಮಪುರುಷದ ವಾರ್ತೆಗೆ ಅತ್ಯಂತ ಕರುಣಾಜನಕವಾದ ನಿದರ್ಶನವು ೧೯೬೨ನೆಯ ಇಸವಿಯ ಮಾರ್ಚಿ ತಿಂಗಳಿನದು. ಬಾರ್ಬಡೋಸಿನಲ್ಲಿ ಚಾರ್ಲಿ ಗ್ರಿಫಿತರ ಚೆಂಡು ಭಾರತದ ನಾಯಕ ನಾರಿ ಕಂಟ್ರಾಕ್ಟರರ ತಲೆಗೆ ತಗುಲಿ ಕಪಾಲವು ಬಿರಿಯಿತು. ಶಸ್ತ್ರಚಿಕಿತ್ಸೆಗೆ ರಕ್ತವನ್ನಿತ್ತವರಲ್ಲಿ ಎದುರು ಪಕ್ಷದ ನಾಯಕ ಫ್ರಾಂಕ್ ವೊರೆಲರೂ ಒಬ್ಬರು. ಗಾಯಾಳುವಿಗೆ ಮಾತಾಡುವ ಶಕ್ತಿಯೇ ಇಲ್ಲದಿರಲು, ಸ್ವದೇಶದವರು ಸಮುದ್ರದಾಚೆಯಿಂದ ಬರುವ ಸುದ್ದಿಯನ್ನೇ ನಂಬಿ ಕಾಯಬೇಕಾಯಿತು. ನಾಯಕತ್ವವು ಇಪ್ಪತ್ತೊಂದು ವರ್ಷದ ಪಟೌಡಿಯವರ ಪಾಲಿಗೆ ಬಂದಿತು. ಕಂಟ್ರಾಕ್ಟರರು ಬದುಕಿ ಉಳಿದು ಮತ್ತೆ ದೇಶೀಯ ಪಂದ್ಯಗಳನ್ನಾಡಿದರಾದರೂ ಟೆಸ್ಟ್ ಪಂದ್ಯಕ್ಕೆ ಮರಳಲಿಲ್ಲ.

ದೂರದರ್ಶನವು ಬಂದಮೇಲೆ ಕಣ್ಣೇ ಸಾಕ್ಷಿಯಾಯಿತು. ೨೦೦೨ನೆಯ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ಮರ್ವಿನ್ ಡಿಲನರ ಚೆಂಡಿನಿಂದ ದವಡೆ ಮುರಿದುಕೊಂಡ ಬೆಂಗಳೂರಿನ ಅನಿಲ್ ಕುಂಬ್ಳೆಯವರು, ಗಲ್ಲದಿಂದ ನೆತ್ತಿಯವರೆಗೆ ಪಟ್ಟಿ ಬಿಗಿಸಿಕೊಂಡು ೧೪ ಓವರುಗಳನ್ನು ಎಸೆದು ಬ್ರಯನ್ ಲಾರಾರನ್ನು ಔಟ್ ಮಾಡಿದರು. ಅನಂತರವೇ ಶಸ್ತ್ರಚಿಕಿತ್ಸೆಗಾಗಿ ಊರಿಗೆ ಹೊರಟರು. ಆ ಪಟ್ಟಿಯೇ ಅಂದಿನ ಪ್ರಕಟನೆ. ಆದರೆ ದೃಶ್ಯವು ಗಾಯವನ್ನು ತೋರಿಸಬಲ್ಲುದೇ ಹೊರತು, ಆಟ ಮುಗಿದ ಬಳಿಕ ಒಬ್ಬಂಟಿಯಾದ ಗಾಯಾಳುವಿನ ಮನಸ್ಸನ್ನು ತೋರಿಸಲಾರದು.

ಆ ಕೊರತೆಯನ್ನು ತುಂಬಿದುದು ಸಾಮಾಜಿಕ ಜಾಲತಾಣ. ೨೦೧೩ನೆಯ ಏಪ್ರಿಲ್ ೧೨ರಂದು ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟರ ಹಿಮ್ಮಡಿಯ ಮೇಲಣ ಅಕಿಲಿಸ್ ನರವು ಹರಿಯಿತು. ಅದೇ ಸ್ಥಿತಿಯಲ್ಲಿ ಎರಡು ಫ್ರೀ ಥ್ರೋಗಳನ್ನು ಬುಟ್ಟಿಗೆ ಹಾಕಿ ಹೊರನಡೆದ ಅವರು, ಆ ರಾತ್ರಿಯೇ ಫೇಸ್‌ಬುಕ್ಕಿನಲ್ಲಿ ದೀರ್ಘವಾಗಿ ಬರೆದರು. ಕೋಪ, ಈ ವಯಸ್ಸಿನಲ್ಲಿ ಮರಳುವೆನೇ ಎಂಬ ಶಂಕೆ, ಕೊನೆಗೆ ದೃಢಸಂಕಲ್ಪ, ಇವೆಲ್ಲವೂ ಅದರಲ್ಲಿದ್ದುವು. ಯಾವ ಸಂಸ್ಥೆಯ ಪ್ರಕಟನೆಯೂ ಶಂಕೆಯನ್ನು ಹೀಗೆ ಒಪ್ಪಿಕೊಳ್ಳಲಾರದು.

ಭಾರತದಲ್ಲಿ ಈ ಎರಡು ರೀತಿಗಳೂ ಏಕಕಾಲದಲ್ಲಿ ನಡೆದುದನ್ನು ೨೦೨೩ರಲ್ಲಿ ಕಾಣಬಹುದು. ಮಂಗಳೂರಿನ ಪರಿಸರದಲ್ಲಿ ಬೆಳೆದ ಕೆ. ಎಲ್. ರಾಹುಲರು ಮೇ ೧ರಂದು ತೊಡೆಗೆ ಪೆಟ್ಟು ಮಾಡಿಕೊಂಡರು. ಶಸ್ತ್ರಚಿಕಿತ್ಸೆಯಾಗಬೇಕೆಂಬುದನ್ನೂ, ಜೂನಿನಲ್ಲಿ ಓವಲಿನಲ್ಲಿ ನಡೆಯಲಿದ್ದ ವಿಶ್ವ ಟೆಸ್ಟ್ ಅಂತಿಮ ಪಂದ್ಯವು ತಮಗೆ ತಪ್ಪುವುದೆಂಬುದನ್ನೂ ಮೇ ೫ರಂದು ತಾವೇ ತಿಳಿಸಿದರು. ಅವರ ಬದಲಿ ಆಟಗಾರನನ್ನು ಕ್ರಿಕೆಟ್ ಮಂಡಲಿಯು ಹೆಸರಿಸಿದುದು ಮೇ ೮ರಂದು. ಎಂದರೆ ‘ನಾನು’ ಮುಂದೆ, ‘ಅವನು’ ಹಿಂದೆ. ಜುಲೈ ೨೧ರಂದು ಮಂಡಲಿಯು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಚೇತರಿಸಿಕೊಳ್ಳುತ್ತಿದ್ದ ಐವರ ಸ್ಥಿತಿಯನ್ನು ಕುರಿತು ಒಂದು ಪ್ರಕಟನೆಯನ್ನು ಹೊರಡಿಸಿತು. ಬುಮ್ರಾ ಮತ್ತು ಪ್ರಸಿದ್ಧ ಕೃಷ್ಣ ಚೇತರಿಕೆಯ ಕೊನೆಯ ಹಂತದಲ್ಲಿದ್ದಾರೆ, ರಾಹುಲ್ ಮತ್ತು ಶ್ರೇಯಸ್ ಅಯ್ಯರ್ ಬ್ಯಾಟಿಂಗ್ ಅಭ್ಯಾಸವನ್ನು ಮತ್ತೆ ಆರಂಭಿಸಿದ್ದಾರೆ, ಪಂತ್ ಬ್ಯಾಟಿಂಗಿನೊಡನೆ ವಿಕೆಟ್ ಕೀಪಿಂಗನ್ನೂ ತೊಡಗಿದ್ದಾರೆ ಎಂಬುದಷ್ಟೇ ಅದರ ಸಾರಾಂಶ. ಭಾವಲೇಶವಿಲ್ಲದ ಆ ವಾಕ್ಯಗಳಲ್ಲಿ ಅಳತೆಯುಂಟು. ಆಟಗಾರನ ಬರಹದಲ್ಲಿ ಆಳವುಂಟು. ಸೆಪ್ಟೆಂಬರಿನಲ್ಲಿ ರಾಹುಲರು ಕೊಲಂಬೊದಲ್ಲಿ ಪಾಕಿಸ್ತಾನದ ಮೇಲೆ ಶತಕವನ್ನು ಬಾರಿಸಿದಾಗ ಎರಡು ಮಾತುಗಳೂ ನಿಜವಾದುವು.

ಹೇಳುವ ಅಧಿಕಾರವುಳ್ಳವನಿಗೆ ಹೇಳದಿರುವ ಅಧಿಕಾರವೂ ಉಂಟು. ೨೦೧೩ನೆಯ ಡಿಸೆಂಬರ್ ೨೯ರಂದು ಫ್ರಾನ್ಸಿನ ಹಿಮಪರ್ವತದಲ್ಲಿ ಕಾರುಪಂದ್ಯದ ವೀರ ಮೈಕೇಲ್ ಶೂಮಾಕರರ ತಲೆಗೆ ಭಾರಿ ಪೆಟ್ಟಾಯಿತು. ಮೊದಲು ಗ್ರೆನೋಬಲ್ ಆಸ್ಪತ್ರೆಯ ವೈದ್ಯರು ಪತ್ರಿಕೆಯವರಿಗೆ ವಿವರಗಳನ್ನಿತ್ತರು. ೨೦೧೪ನೆಯ ಜೂನಿನಲ್ಲಿ, ಅವರು ಪ್ರಜ್ಞಾಹೀನತೆಯಿಂದ ಹೊರಬಂದು ಆ ಆಸ್ಪತ್ರೆಯನ್ನು ಬಿಟ್ಟರೆಂದು ಅವರ ಪ್ರತಿನಿಧಿಯು ತಿಳಿಸಿದರು. ಬಳಿಕ ಕುಟುಂಬವು ಬಹುಮಟ್ಟಿಗೆ ಮೌನವನ್ನೇ ಕಾಯ್ದುಕೊಂಡಿತು. ೨೦೨೩ನೆಯ ಏಪ್ರಿಲಿನಲ್ಲಿ ಜರ್ಮನಿಯ ವಾರಪತ್ರಿಕೆಯಾದ ‘ಡೀ ಆಕ್ಟ್ವೆಲ್ಲೆ’ಯು ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಉತ್ತರಗಳನ್ನು ಬರೆಯಿಸಿ, ಶೂಮಾಕರರ ಸಂದರ್ಶನವೆಂಬಂತೆ ಅಚ್ಚು ಹಾಕಿತು. ಪ್ರಕಾಶಕರು ಕ್ಷಮೆ ಯಾಚಿಸಿ ಸಂಪಾದಕಿಯನ್ನು ತೆಗೆದುಹಾಕಿದರು. ಸಂಜಯನಿಲ್ಲದ ಕಡೆ ಹುಸಿ ಭೀಷ್ಮನೇ ಮಾತಾಡಿದಂತಾಯಿತು.

ಈ ಚರಿತ್ರೆಯಿಂದ ಫಲಿತವಾಗುವ ಅಂಶವಿಷ್ಟು. ಉತ್ತಮಪುರುಷದಲ್ಲಿರುವ ಮಾತ್ರಕ್ಕೆ ವಾರ್ತೆಯು ಸತ್ಯವಾಗದು. ಆಟಗಾರನ ಹೆಸರಿನ ಖಾತೆಯನ್ನು ಅನ್ಯರು ನಡೆಸುವುದೂ ಉಂಟು, ‘ನಾನು’ ಎಂಬುದನ್ನು ಯಂತ್ರವೂ ನುಡಿಯಬಲ್ಲುದು. ಪ್ರಥಮಪುರುಷದ ಪ್ರಕಟನೆಯು ನಿರ್ಭಾವವಾದರೂ ಅದಕ್ಕೆ ಹೊಣೆಗಾರರಿದ್ದಾರೆ. ಒಂದು ಮತ್ತೊಂದನ್ನು ಸಮರ್ಥಿಸಿದಾಗ ಅಭಿಮಾನಿಗೆ ನಂಬತಕ್ಕ ವಾರ್ತೆಯು ದೊರೆಯುತ್ತದೆ. ಎರಡೂ ಇಲ್ಲದಿರುವಾಗ ಅವನು ಮೌನವನ್ನು ಮೌನವೆಂದೇ ಓದಬೇಕು. ಅಭಿಮಾನಕ್ಕೆ ಆಟದ ಮೇಲೆ ಹಕ್ಕುಂಟು, ನೋಯುವ ದೇಹದ ಮೇಲಿಲ್ಲ.