ಉಯಿಲಿನ ನಿರ್ವಾಹಕ: ಕೃತಜ್ಞತೆ ಇಲ್ಲದಿದ್ದರೂ ಲೆಕ್ಕ ತಪ್ಪಬಾರದು

ಆಪ್ತರೊಬ್ಬರು ತಮ್ಮ ಉಯಿಲಿನಲ್ಲಿ ನಿರ್ವಾಹಕರೆಂದು ಹೆಸರಿಸಿದಾಗ ಬಹುತೇಕರು ಅದನ್ನು ಗೌರವವೆಂದೇ ಭಾವಿಸುತ್ತಾರೆ. ಆ ಗೌರವದ ಹಿಂದಿರುವ ದುಡಿಮೆಯ ಅರಿವಾಗುವುದು ಉಯಿಲು ಬರೆದವರು ತೀರಿಕೊಂಡ ನಂತರ. ಬ್ಯಾಂಕು, ತಾಲ್ಲೂಕು ಕಚೇರಿ, ನಗರಪಾಲಿಕೆ, ಆದಾಯ ತೆರಿಗೆ ಇಲಾಖೆ, ನ್ಯಾಯಾಲಯ ಎಂದು ಅಲೆದ ನಿರ್ವಾಹಕರಿಗೆ ಕೊನೆಯಲ್ಲಿ ಆಸ್ತಿ ಪಡೆದವರಿಂದ ದೊರೆಯುವುದು ಅನೇಕ ವೇಳೆ ಧನ್ಯವಾದವಲ್ಲ; ಅನುಮಾನ, ಆಕ್ಷೇಪ, ಕೆಲವೊಮ್ಮೆ ವಕೀಲರ ನೋಟಿಸು. ಇಂಥ ಸನ್ನಿವೇಶದಲ್ಲಿ ನಿರ್ವಾಹಕರ ಅಧಿಕಾರವೇನು, ಕರ್ತವ್ಯವೇನು, ಫಲಾನುಭವಿಗಳ ದೂರಿಗೆ ಎಷ್ಟು ಬೆಲೆಯಿದೆ ಎಂಬ ಪ್ರಶ್ನೆಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಸಾಕಷ್ಟು ಸ್ಪಷ್ಟವಾದ ಉತ್ತರಗಳಿವೆ.

ನಿರ್ವಾಹಕ ಎಂದರೆ ಯಾರು?

ಉಯಿಲು ಬರೆದ ವ್ಯಕ್ತಿಯು ಅದರ ಜಾರಿಯ ಹೊಣೆಯನ್ನು ಯಾರಿಗೆ ಒಪ್ಪಿಸಿರುತ್ತಾನೋ ಅವನೇ ನಿರ್ವಾಹಕ, ಇಂಗ್ಲಿಷಿನಲ್ಲಿ ಎಕ್ಸಿಕ್ಯೂಟರ್. ಕಾಯ್ದೆಯ 211ನೇ ಕಲಮಿನ ಪ್ರಕಾರ ಮೃತರ ಆಸ್ತಿಯೆಲ್ಲವೂ ನಿರ್ವಾಹಕರಲ್ಲಿ ನಿಹಿತವಾಗುತ್ತದೆ. ಹಾಗೆಂದು ಅವರು ಅದರ ಒಡೆಯರಲ್ಲ. ಸಾಲ ತೀರಿಸಿ, ಬಾಕಿ ವಸೂಲು ಮಾಡಿ, ಉಳಿದುದನ್ನು ಉಯಿಲಿನಂತೆ ಹಂಚುವವರೆಗೆ ಮಾತ್ರ ಅವರು ಅದರ ಪಾಲಕರು.

ಫಲಾನುಭವಿಗಳು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದು 332ನೇ ಕಲಮಿನಲ್ಲಿದೆ. ಉಯಿಲಿನಲ್ಲಿ ಹೆಸರಿದ್ದ ಮಾತ್ರಕ್ಕೆ ಫಲಾನುಭವಿಯ ಹಕ್ಕು ಪೂರ್ಣಗೊಳ್ಳುವುದಿಲ್ಲ. ನಿರ್ವಾಹಕರ ಸಮ್ಮತಿ ದೊರೆತ ಮೇಲಷ್ಟೇ ಅದು ಪೂರ್ಣವಾಗುತ್ತದೆ. ಈ ಸಮ್ಮತಿ ಬಾಯಿಮಾತಿನಲ್ಲಿಯೂ ಇರಬಹುದು, ನಡವಳಿಕೆಯಿಂದಲೂ ವ್ಯಕ್ತವಾಗಬಹುದು. ಆದಕಾರಣ ಸಾಲದ ಲೆಕ್ಕ ಮುಗಿಯುವ ಮೊದಲೇ ‘ಮನೆ ನಿನ್ನದೇ, ಹೋಗಿ ಇರು’ ಎಂದು ಸಮಾಧಾನಕ್ಕೆ ಆಡಿದ ಮಾತು ಮುಂದೆ ನಿರ್ವಾಹಕರಿಗೇ ತೊಡಕಾಗಬಹುದು.

ಪ್ರೊಬೇಟ್ ಎಂದರೆ ನ್ಯಾಯಾಲಯವು ಉಯಿಲನ್ನು ಪ್ರಮಾಣೀಕರಿಸಿ, ತನ್ನ ಮೊಹರಿನೊಂದಿಗೆ ನಿರ್ವಾಹಕರಿಗೆ ಆಡಳಿತಾಧಿಕಾರ ನೀಡುವ ಆದೇಶ. ಮುಂಬಯಿ, ಚೆನ್ನೈ, ಕೋಲ್ಕತ್ತ ನಗರಗಳಲ್ಲಿ ಹಿಂದೂಗಳ ಉಯಿಲಿಗೂ ದೀರ್ಘಕಾಲ ಇದು ಅನಿವಾರ್ಯವಾಗಿತ್ತು. ಅದಕ್ಕೆ ಕಾರಣವಾಗಿದ್ದ 213ನೇ ಕಲಮನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ. ಆದರೂ ವಾರಸುದಾರರ ನಡುವೆ ಮನಸ್ತಾಪವಿರುವಲ್ಲಿ ಪ್ರೊಬೇಟ್ ಪಡೆಯುವುದು ನಿರ್ವಾಹಕರಿಗೆ ರಕ್ಷಣೆಯೇ ಹೊರತು ಹೊರೆಯಲ್ಲ.

ಅಸಮಾಧಾನದ ಮೂಲಗಳು

ಫಲಾನುಭವಿಗಳ ಮುನಿಸಿಗೆ ಸ್ವಭಾವವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಬಹುಪಾಲು ಜಗಳಗಳು ಹುಟ್ಟುವುದು ವಿಳಂಬ, ಕಡಿತ ಮತ್ತು ನಾಮನಿರ್ದೇಶನ ಎಂಬ ಮೂರು ಕಡೆಗಳಲ್ಲಿ.

ಮೊದಲನೆಯದು ವಿಳಂಬ. ಹದಿಮೂರನೆಯ ದಿನದ ಕಾರ್ಯ ಮುಗಿಯುತ್ತಿದ್ದಂತೆ ‘ನಮ್ಮ ಪಾಲು ಯಾವಾಗ?’ ಎಂಬ ಪ್ರಶ್ನೆ ಏಳುತ್ತದೆ. 337ನೇ ಕಲಮಿನ ಪ್ರಕಾರ ಮರಣದ ದಿನದಿಂದ ಒಂದು ವರ್ಷ ಕಳೆಯುವವರೆಗೆ ಯಾವ ಪಾಲನ್ನೂ ಕೊಡುವಂತೆ ನಿರ್ವಾಹಕರನ್ನು ಬಲವಂತ ಮಾಡುವಂತಿಲ್ಲ. ಫಲಾನುಭವಿ ವಿದೇಶದಲ್ಲಿದ್ದರೆ ಕಾಲ ಇನ್ನಷ್ಟು ಹಿಡಿಯಬಹುದು. ಅನಿವಾಸಿ ಭಾರತೀಯರು ಪಿತ್ರಾರ್ಜಿತವಾಗಿ ಬಂದ ಹಣವನ್ನು ತಮ್ಮ ಎನ್‌ಆರ್‌ಒ ಖಾತೆಯಿಂದ ಹೊರದೇಶಕ್ಕೆ ಕಳುಹಿಸಿಕೊಳ್ಳಲು ಆರ್ಥಿಕ ವರ್ಷವೊಂದಕ್ಕೆ 10 ಲಕ್ಷ ಡಾಲರ್ ಮಿತಿಯಿದ್ದು, ತೆರಿಗೆ ಪಾವತಿಯ ದಾಖಲೆಗಳನ್ನೂ ಒದಗಿಸಬೇಕಾಗುತ್ತದೆ.

ಎರಡನೆಯದು ಕಡಿತ. ಮೃತರ ಹಣ ಮೊದಲು ಯಾರಿಗೆ ಸಲ್ಲಬೇಕೆಂಬ ಕ್ರಮವನ್ನು ಕಾಯ್ದೆಯೇ ಗೊತ್ತುಪಡಿಸಿದೆ. ಅಂತ್ಯಕ್ರಿಯೆಯ ನ್ಯಾಯವಾದ ಖರ್ಚು ಹಾಗೂ ಕೊನೆಗಾಲದ ಚಿಕಿತ್ಸಾ ವೆಚ್ಚ ಮೊದಲು. ಪ್ರೊಬೇಟ್ ಮತ್ತು ಆಡಳಿತದ ವೆಚ್ಚ ಅನಂತರ. ಮರಣಕ್ಕೆ ಹಿಂದಿನ ಮೂರು ತಿಂಗಳಲ್ಲಿ ಸೇವೆ ಸಲ್ಲಿಸಿದ ಕೂಲಿಕಾರರು, ಕುಶಲಕರ್ಮಿಗಳು ಮತ್ತು ಮನೆಗೆಲಸದವರ ಸಂಬಳ ಆಮೇಲೆ. ತದನಂತರ ಉಳಿದ ಸಾಲಗಳು. ಇವೆಲ್ಲ ತೀರಿದ ಬಳಿಕವೇ ಫಲಾನುಭವಿಗಳ ಸರದಿ.

ಉದಾಹರಣೆಗೆ, ಒಬ್ಬರು ವಾಸದ ಮನೆಯನ್ನು ಪತ್ನಿಗೂ, ಹಿರಿಯ ಮಗನಿಗೆ 10 ಲಕ್ಷ, ಕಿರಿಯ ಮಗನಿಗೆ 10 ಲಕ್ಷ, ಮಗಳಿಗೆ 15 ಲಕ್ಷ ರೂಪಾಯಿಯನ್ನೂ ಉಯಿಲಿನಲ್ಲಿ ಬರೆದಿದ್ದಾರೆಂದು ಭಾವಿಸೋಣ. ಬ್ಯಾಂಕಿನ ಠೇವಣಿ 45 ಲಕ್ಷ. ಆಸ್ಪತ್ರೆ ಮತ್ತು ಅಂತ್ಯಕ್ರಿಯೆಗೆ 4 ಲಕ್ಷ, ಸಾಲಕ್ಕೆ 20 ಲಕ್ಷ ಹೋದರೆ ಉಳಿಯುವುದು 21 ಲಕ್ಷ. ಕೊಡಬೇಕಾದುದು 35 ಲಕ್ಷ. ಆಗ ಮೂವರ ಪಾಲೂ ಒಂದೇ ಪ್ರಮಾಣದಲ್ಲಿ ತಗ್ಗಿ, ಪ್ರತಿಯೊಬ್ಬರಿಗೂ ಶೇ 60 ಮಾತ್ರ ದೊರೆಯುತ್ತದೆ. ಅಂದರೆ ಗಂಡುಮಕ್ಕಳಿಗೆ ತಲಾ 6 ಲಕ್ಷ, ಮಗಳಿಗೆ 9 ಲಕ್ಷ. ಪತ್ನಿಗೆ ನಿರ್ದಿಷ್ಟವಾಗಿ ಬರೆದ ಮನೆಗೆ ಈ ಕಡಿತ ತಾಗುವುದಿಲ್ಲ. ಉಯಿಲಿನಲ್ಲಿ 10 ಲಕ್ಷವೆಂದು ಓದಿದ ಮಗನಿಗೆ 6 ಲಕ್ಷ ಕೈಗೆ ಬಂದಾಗ ‘ಉಳಿದ 4 ಲಕ್ಷ ಎಲ್ಲಿ?’ ಎಂದು ಅನಿಸುವುದು ಸಹಜ. ಲೆಕ್ಕದ ಹಾಳೆಯನ್ನು ಮುಂದಿಡದೆ ಕೇವಲ ಚೆಕ್ಕನ್ನು ಕೊಟ್ಟರೆ ಆ ಅನಿಸಿಕೆ ಆರೋಪವಾಗಿ ಬೆಳೆಯುತ್ತದೆ.

ಮೂರನೆಯದು ನಾಮನಿರ್ದೇಶನ. ಠೇವಣಿಗೆ ನಾಮಿನಿಯಾಗಿರುವ ಮಗ ಆ ಹಣ ತನ್ನದೇ ಎಂದು ನಂಬಿರುತ್ತಾನೆ. ನಾಮಿನಿಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ಕಳಚುತ್ತದೆಯೇ ಹೊರತು ಅವನು ಅದರ ಒಡೆಯನಾಗುವುದಿಲ್ಲ. ಷೇರುಗಳ ವಿಷಯದಲ್ಲಿಯೂ ನಾಮನಿರ್ದೇಶನವು ಉತ್ತರಾಧಿಕಾರದ ಕಾನೂನನ್ನು ಮೀರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿದೆ. ಜೀವವಿಮೆ ಇದಕ್ಕೆ ಭಾಗಶಃ ಅಪವಾದ: 2015ರ ತಿದ್ದುಪಡಿಯ ನಂತರ, ವಿಮೆದಾರರು ತಂದೆತಾಯಿ, ಪತಿ ಅಥವಾ ಪತ್ನಿ, ಇಲ್ಲವೇ ಮಕ್ಕಳನ್ನು ನಾಮಿನಿ ಮಾಡಿದ್ದರೆ ಅವರೇ ಆ ಹಣದ ಹಕ್ಕುದಾರರಾಗುತ್ತಾರೆ.

ಒತ್ತಡಕ್ಕೆ ಮಣಿದರೆ

ಪದೇಪದೇ ದೂರವಾಣಿ ಕರೆ, ನೆಂಟರ ಮುಂದೆ ಚುಚ್ಚುಮಾತು, ‘ಅಪ್ಪನ ದುಡ್ಡನ್ನು ನೀವೇಕೆ ಹಿಡಿದಿಟ್ಟಿದ್ದೀರಿ?’ ಎಂಬ ಪ್ರಶ್ನೆ. ಇವುಗಳಿಂದ ಬೇಸತ್ತು ನಿರ್ವಾಹಕರು ಒಬ್ಬರಿಗೆ ಮುಂಗಡವಾಗಿ ಪಾಲು ಕೊಟ್ಟುಬಿಡುವುದುಂಟು. ಅಪಾಯವಿರುವುದು ಇಲ್ಲಿಯೇ. ನಿರ್ವಾಹಕರು ಸ್ವಇಚ್ಛೆಯಿಂದ ಕೊಟ್ಟ ಪಾಲನ್ನು, ಮುಂದೆ ಎಲ್ಲರಿಗೂ ಕೊಡಲು ಹಣ ಸಾಲದೆಹೋದರೆ, ಮರಳಿಸುವಂತೆ ಕೇಳಲು ಬರುವುದಿಲ್ಲವೆಂದು 357ನೇ ಕಲಂ ಹೇಳುತ್ತದೆ. ನ್ಯಾಯಾಲಯದ ಆದೇಶದ ಮೇರೆಗೆ ಕೊಟ್ಟಿದ್ದಲ್ಲಿ ಮಾತ್ರ ಮರಳಿ ಕೇಳಬಹುದು. ಮೇಲಿನ ಉದಾಹರಣೆಯಲ್ಲಿ ಹಿರಿಯ ಮಗನಿಗೆ ಮೊದಲೇ 10 ಲಕ್ಷ ಕೊಟ್ಟಿದ್ದರೆ, ಉಳಿದಿಬ್ಬರಿಗೆ ಆದ ಕೊರತೆಗೆ ನಿರ್ವಾಹಕರೇ ಉತ್ತರ ಹೇಳಬೇಕಾದೀತು. ಜಗಳಗಂಟಿಗೆ ಹೆದರಿ ತೋರಿದ ಔದಾರ್ಯದ ಬೆಲೆಯನ್ನು ಸುಮ್ಮನಿದ್ದವರು ತೆರುವಂತಾಗುತ್ತದೆ.

ಅಪರಿಚಿತ ಸಾಲಗಾರರ ಭಯಕ್ಕೂ ಕಾಯ್ದೆಯಲ್ಲಿ ಪರಿಹಾರವಿದೆ. ಹೈಕೋರ್ಟ್ ನಿಯಮಗಳಂತೆ ಸಾಲಗಾರರಿಗೆ ನೋಟಿಸು ಪ್ರಕಟಿಸಿ, ಅದರ ಅವಧಿ ಮುಗಿದ ಮೇಲೆ ಆಸ್ತಿ ಹಂಚಿದ ನಿರ್ವಾಹಕರು, ಹಂಚುವಾಗ ತಮಗೆ ತಿಳಿದಿರದಿದ್ದ ಸಾಲಕ್ಕೆ ಹೊಣೆಯಾಗುವುದಿಲ್ಲ.

ದೂರು ನ್ಯಾಯವಾಗಿದ್ದರೆ

ಪ್ರಶ್ನಿಸುವ ಫಲಾನುಭವಿಗಳೆಲ್ಲರನ್ನೂ ಕೃತಘ್ನರೆನ್ನುವುದು ಸರಿಯಲ್ಲ. ಲೆಕ್ಕ ಕೇಳುವುದು ಅವರ ಹಕ್ಕು. ಪ್ರೊಬೇಟ್ ದೊರೆತ 6 ತಿಂಗಳೊಳಗೆ ಆಸ್ತಿ ಮತ್ತು ಸಾಲಗಳ ಪೂರ್ಣ ಪಟ್ಟಿಯನ್ನೂ, 1 ವರ್ಷದೊಳಗೆ ಆಡಳಿತದ ಲೆಕ್ಕವನ್ನೂ ನ್ಯಾಯಾಲಯಕ್ಕೆ ಸಲ್ಲಿಸಬೇಕೆಂದು 317ನೇ ಕಲಂ ವಿಧಿಸುತ್ತದೆ. ಉದ್ದೇಶಪೂರ್ವಕವಾಗಿ ಸುಳ್ಳು ಲೆಕ್ಕ ಕೊಡುವುದು ಶಿಕ್ಷಾರ್ಹ. ಮೃತರ ಆಸ್ತಿಯನ್ನು ನಿರ್ವಾಹಕರೇ ನೇರವಾಗಿ ಅಥವಾ ಬೇರೆಯವರ ಹೆಸರಿನಲ್ಲಿ ಕೊಂಡರೆ, ಅದರಲ್ಲಿ ಹಿತಾಸಕ್ತಿಯುಳ್ಳವರು ಆ ಕ್ರಯವನ್ನು ರದ್ದುಪಡಿಸುವಂತೆ ಕೋರಬಹುದು. ದುರುಪಯೋಗದಿಂದಾಗಲಿ, ಬರಬೇಕಾದ ಹಣವನ್ನು ವಸೂಲು ಮಾಡದ ಅಲಕ್ಷ್ಯದಿಂದಾಗಲಿ ನಷ್ಟವಾದರೆ ಅದನ್ನು ತುಂಬಿಕೊಡುವ ಹೊಣೆ ನಿರ್ವಾಹಕರದು. 301ನೇ ಕಲಮಿನಡಿ ಅವರನ್ನು ತೆಗೆದುಹಾಕುವ ಅಧಿಕಾರವೂ ಹೈಕೋರ್ಟಿಗಿದೆ.

ನಿರ್ವಾಹಕರು ಸ್ವತಃ ಫಲಾನುಭವಿಯಾಗಿದ್ದರೆ ಅನುಮಾನ ಇಮ್ಮಡಿಯಾಗುತ್ತದೆ. ಒಡಹುಟ್ಟಿದವರ ನಡುವೆ ಹಿರಿಯಣ್ಣನೇ ನಿರ್ವಾಹಕನಾದ ಮನೆಗಳಲ್ಲಿ ಇದು ಸಾಮಾನ್ಯ. ಅಂಥವರು ತಮ್ಮ ಪಾಲನ್ನು ಎಲ್ಲರಿಗಿಂತ ಕೊನೆಯಲ್ಲಿ ಪಡೆಯುವುದು ಉತ್ತಮ.

ಪಾಲಿಸಬೇಕಾದ ಕ್ರಮಗಳು

* ಮರಣಾನಂತರ ಸಾಧ್ಯವಾದಷ್ಟು ಬೇಗ ಒಡವೆ, ನಗದು ಮತ್ತು ದಾಖಲೆಗಳ ಪಟ್ಟಿಯನ್ನು ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ತಯಾರಿಸಿ ಎಲ್ಲರ ಸಹಿ ಪಡೆಯಬೇಕು. ಬೀರುವಿನ ಕೀಲಿ ಯಾರ ಬಳಿಯಿತ್ತು ಎಂಬ ಜಗಳಕ್ಕೆ ಇದೊಂದೇ ಮದ್ದು.

* ಆಸ್ತಿಯ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಸ್ವಂತ ಹಣದೊಂದಿಗೆ ಎಂದಿಗೂ ಬೆರೆಸಬಾರದು. ಸ್ವಂತ ಜೇಬಿನಿಂದ ಮಾಡಿದ ನ್ಯಾಯವಾದ ಖರ್ಚನ್ನು ಆಸ್ತಿಯಿಂದ ಪಡೆಯಬಹುದು, ಆದರೆ ರಸೀದಿ ಇರಬೇಕು.

* ಒಂದು ವರ್ಷದ ಕಾಲಾವಕಾಶ, ಸಾಲಕ್ಕೆ ಆದ್ಯತೆ, ಪಾಲು ತಗ್ಗುವ ಸಾಧ್ಯತೆ ಈ ಮೂರನ್ನು ಮೊದಲ ತಿಂಗಳಲ್ಲೇ ಎಲ್ಲರಿಗೂ ಒಂದೇ ಒಕ್ಕಣೆಯ ಪತ್ರದಲ್ಲಿ ತಿಳಿಸಬೇಕು. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳದಿರುವುದೇ ಅನುಮಾನಕ್ಕೆ ಬೀಜ.

* ಮೃತರು ಬದುಕಿದ್ದ ಅವಧಿಯ ಆದಾಯಕ್ಕೆ ಅವರ ಪರವಾಗಿ ತೆರಿಗೆ ವಿವರ ಸಲ್ಲಿಸಬೇಕು. ಹಂಚಿಕೆಯಾಗುವವರೆಗೆ ಆಸ್ತಿಯಿಂದ ಬರುವ ಬಡ್ಡಿ, ಬಾಡಿಗೆಗಳಿಗೂ ನಿರ್ವಾಹಕರ ಮೂಲಕವೇ ತೆರಿಗೆ ಸಲ್ಲಬೇಕು.

* ಪಾಲು ಕೊಡುವಾಗ ಲೆಕ್ಕದ ಪ್ರತಿಯನ್ನು ಜೊತೆಗಿಟ್ಟು, ಪೂರ್ಣ ಸಂದಾಯವಾಯಿತೆಂಬ ರಸೀದಿ ಪಡೆಯಬೇಕು. ಸಹಿ ಹಾಕಲು ಒಪ್ಪದವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಲೆಕ್ಕ ಕಳುಹಿಸಿ, ಹಣವನ್ನು ಬ್ಯಾಂಕ್ ಮೂಲಕವೇ ಪಾವತಿಸಬೇಕು.

* ನಿಂದನೆಗೆ ಪ್ರತಿನಿಂದನೆ ಕೂಡದು. ಉತ್ತರ ಲಿಖಿತವಾಗಿರಲಿ, ಚಿಕ್ಕದಾಗಿರಲಿ, ಅಂಕಿಸಂಖ್ಯೆಗಳಿಗೆ ಸೀಮಿತವಾಗಿರಲಿ. ಆ ಪತ್ರವನ್ನು ಮುಂದೊಂದು ದಿನ ನ್ಯಾಯಾಧೀಶರು ಓದಬಹುದು.

ವಿವಾದ ಬಿಗಡಾಯಿಸಿದರೆ ಪ್ರೊಬೇಟ್ ಪಡೆದ ನಿರ್ವಾಹಕರು 302ನೇ ಕಲಮಿನಡಿ ಹೈಕೋರ್ಟಿನಿಂದಲೇ ನಿರ್ದೇಶನ ಕೋರಬಹುದು. ಉಯಿಲು ಅಸಲಿಯೇ ನಕಲಿಯೇ ಎಂಬುದನ್ನು ನ್ಯಾಯಾಲಯವೇ ತೀರ್ಮಾನಿಸಬೇಕು. ಆದರೆ ತಾಯಿಯ ಬಳೆ ಯಾರಿಗೆ, ಮನೆಯನ್ನು ಯಾವಾಗ ತೆರವು ಮಾಡಬೇಕು ಎಂಬಂಥ ಕಲಹಗಳಿಗೆ ಮಧ್ಯಸ್ಥಿಕೆಯೇ ಲೇಸು. ನ್ಯಾಯಾಲಯದಲ್ಲಿರುವ ಇಂಥ ವ್ಯಾಜ್ಯಗಳಿಗಾಗಿಯೇ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವು 2007ರಲ್ಲಿ ಆರಂಭವಾಯಿತು.

ಒಪ್ಪುವ ಮುನ್ನ, ಬರೆಯುವ ಮುನ್ನ

ಹೆಸರು ಉಯಿಲಿನಲ್ಲಿದ್ದ ಮಾತ್ರಕ್ಕೆ ಹೊಣೆಯನ್ನು ಹೊರಲೇಬೇಕೆಂದಿಲ್ಲ. ನ್ಯಾಯಾಧೀಶರ ಮುಂದೆ ಮೌಖಿಕವಾಗಿ ಅಥವಾ ಸಹಿ ಮಾಡಿದ ಪತ್ರದ ಮೂಲಕ ನಿರಾಕರಿಸಬಹುದು. ಹಾಗೆ ನಿರಾಕರಿಸಿದವರು ಮತ್ತೆ ಪ್ರೊಬೇಟ್ ಕೋರುವಂತಿಲ್ಲ. ಪ್ರೊಬೇಟ್ ಪಡೆದ ಮೇಲೆ ಬಿಡುಗಡೆಗೆ ಹೈಕೋರ್ಟಿನ ಆದೇಶವೇ ಬೇಕು. ಆದ್ದರಿಂದ ಯೋಚಿಸಬೇಕಾದುದು ಆರಂಭದಲ್ಲಿ.

ಉಯಿಲು ಬರೆಯುವವರಿಗೂ ಇಲ್ಲೊಂದು ಕರ್ತವ್ಯವಿದೆ. ನಿರ್ವಾಹಕರ ಒಪ್ಪಿಗೆಯನ್ನು ಮೊದಲೇ ಪಡೆದು, ಅವರ ವೆಚ್ಚ ಮತ್ತು ಸಂಭಾವನೆಯನ್ನು ಉಯಿಲಿನಲ್ಲಿಯೇ ನಮೂದಿಸಿ, ಪರ್ಯಾಯವಾಗಿ ಇನ್ನೊಬ್ಬರ ಹೆಸರನ್ನೂ ಸೂಚಿಸುವುದು ಉತ್ತಮ. ಇವರನ್ನೇ ಏಕೆ ಆರಿಸಲಾಯಿತೆಂಬುದನ್ನು ಬದುಕಿರುವಾಗಲೇ ಮಕ್ಕಳಿಗೆ ತಿಳಿಸಿದರೆ ಅರ್ಧ ಜಗಳ ಅಲ್ಲಿಯೇ ತಪ್ಪುತ್ತದೆ.

ಫಲಾನುಭವಿಗಳು ಕೃತಜ್ಞರಾಗಿರಬೇಕೆಂದು ಯಾವ ಕಲಮೂ ಹೇಳುವುದಿಲ್ಲ. ನಿರ್ವಾಹಕರು ಮಾತು ಕೊಟ್ಟಿರುವುದು ಉಯಿಲು ಬರೆದವರಿಗೆ. ಲೆಕ್ಕ ಒಪ್ಪಿಸಬೇಕಾದುದು ಫಲಾನುಭವಿಗಳಿಗೆ ಮತ್ತು ನ್ಯಾಯಾಲಯಕ್ಕೆ. ಲೆಕ್ಕ ಚೊಕ್ಕವಾಗಿದ್ದಲ್ಲಿ, ಧನ್ಯವಾದ ಬರಲಿ ಬಾರದಿರಲಿ, ವಕೀಲರ ನೋಟಿಸಿಗೆ ಅಂಜುವ ಪ್ರಮೇಯ ಅವರಿಗಿರುವುದಿಲ್ಲ.